ಗೋಡೆಗೆ ಊದುತ್ತಿದ್ದವರು

ಅವರು ಹೋದ ವಾರ ತೀರಿಕೊಂಡರು. ಉರಿಗಾಂನಲ್ಲಿ ಗಣಿ ಕೆಲಸದವರ ಲೈನ್ ಮನೆಯ ಮುಂದೆ ಶಾಮಿಯಾನದ ಕೆಳಗೆ ಕೂತಿದ್ದವರೆಲ್ಲ "ಉಸಿರೇ ಸಾಲ್ಲಿಲ್ವಂತೆ ಪಾಪ" ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ನಾನೂ ಹೂಂಗುಟ್ಟಿದೆ. ಸಾಲದೆ ಇನ್ನೇನಾಗುತ್ತೆ? ಎದೆಯಲ್ಲಿ ಉಳಿದಿದ್ದ ಚೂರುಪಾರು ಉಸಿರನ್ನೂ ನಮ್ಮ ಆಫೀಸಿನ ಗೋಡೆಗೆ ಊದಿ ಬಂದವರು ಅವರು. ಅದು ಅಲ್ಲಿ ಕೂತಿದ್ದ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಪಕ್ಕದ ಮನೆಯವರು ಕೊಟ್ಟ ಟೀ ಕುಡಿದು, ಬಂಗಾರಪೇಟೆ ಬಸ್ಸು ಹತ್ತಿ ವಾಪಸ್ ಡ್ಯೂಟಿಗೆ ಬಂದೆ.

ಅವರ ಹೆಸರು ಬರೆಯೋದಿಲ್ಲ. ಹೇಳಬೇಕಾದ ದಿನ, ಹೇಳಬೇಕಾದ ಜಾಗದಲ್ಲಿ ಬಾಯಿ ಹೊಲಿದುಕೊಂಡು ಕೂತವಳಿಗೆ ಈಗ ಹೆಸರು ಹಿಡಿದು ಹೊಗಳುವ ಯೋಗ್ಯತೆ ಇಲ್ಲ. ಹುಡುಗಿಯರು ಅವರನ್ನು ಗಾಳಿ ತಾತ ಅನ್ನುತ್ತಿದ್ದರು. ನಾನು ಅಣ್ಣ ಅನ್ನುತ್ತಿದ್ದೆ. ಅಷ್ಟು ಸಾಕು.

ನಮ್ಮದು ಆಸ್ಪತ್ರೆ ಬಿಲ್ಲುಗಳನ್ನು ನೋಡಿ ಕಂಪ್ಯೂಟರಿಗೆ ಏರಿಸುವ ಕಂಪನಿ. ಎಲ್ಲೋ ಯಾರಿಗೋ ಜ್ವರ ಬಂದರೆ, ಕಾಲು ಮುರಿದರೆ, ಆ ಲೆಕ್ಕವನ್ನು ಬೂದಿಕೋಟೆ, ಕ್ಯಾಸಂಬಳ್ಳಿ ಕಡೆಯ ಹುಡುಗಿಯರು ಟೈಪ್ ಮಾಡುತ್ತಾರೆ. ಬೆಳಗ್ಗೆ ಎದ್ದು ಹಸು ಕರೆದು ಡೈರಿಗೆ ಹಾಲು ಹಾಕಿ, ಬಸ್ಸಿನಲ್ಲಿ ನಿಂತುಕೊಂಡು ಬರುವ ಮಕ್ಕಳು. ಒಂದು ಅಂಕಿ ಆಚೀಚೆ ಆದರೂ ಒಂದು ತಪ್ಪು. ಮೂರು ತಿಂಗಳು ತಪ್ಪು ಜಾಸ್ತಿಯಾದರೆ ಮನೆಗೆ. ನಾನು ಫ್ಲೋರ್ ಇನ್‌ಚಾರ್ಜ್, ಅಂದರೆ ಮನೆಗೆ ಕಳಿಸುವ ಕಾಗದಕ್ಕೆ ಸಹಿ ಹಾಕುವವಳು. ಅವರು ಅಟೆಂಡರ್.

ಮೊದಲು ನಮ್ಮ ಆಫೀಸು ಉರಿಗಾಂನಲ್ಲಿ ಬಿಳಿಯರ ಕಾಲದ ಒಂದು ಕಲ್ಲು ಕಟ್ಟಡದಲ್ಲಿತ್ತು. ಅದೇನು ಸ್ವರ್ಗ ಅಂತ ನಾನು ಹೇಳೋದಿಲ್ಲ. ಮಳೆ ಬಂದರೆ ಬಕೆಟ್ ಇಡಬೇಕಿತ್ತು. ಇಲಿ ವೈರು ಕಡಿಯುತ್ತಿತ್ತು. ಏಪ್ರಿಲ್‌ನಲ್ಲಿ ಮೂಗಿನ ತುದಿಯ ಬೆವರು ಕೀಬೋರ್ಡಿನ ಮೇಲೆ ತೊಟ್ಟಿಕ್ಕುತ್ತಿತ್ತು. ಆದರೆ ಅಲ್ಲಿ ಯಾರೂ ತೂಕಡಿಸುತ್ತಿರಲಿಲ್ಲ. ಅದಕ್ಕೆ ಕಾರಣ ಈ ಮನುಷ್ಯ ಅಂತ ನನಗೆ ಹೊಳೆಯೋಕೆ ಆ ಕಟ್ಟಡ ಬಿಡಬೇಕಾಯಿತು.

ಗೋಡೆಯ ಮೇಲುಗಡೆ, ಹೆಂಚಿಗೆ ಹತ್ತಿರ, ಸಾಲಾಗಿ ಗವಾಕ್ಷಿಗಳಿದ್ದವು. ಒಂದೊಂದಕ್ಕೂ ಒಂದು ಹಗ್ಗ. ಆ ಹಗ್ಗಗಳು ಅವರ ಸುಪರ್ದಿ, ಬೇರೆಯವರು ಮುಟ್ಟುವ ಹಾಗಿಲ್ಲ. ಬೆಳಗ್ಗೆ ಬಿಸಿಲು ಬೀಳುವ ಕಡೆಯ ಕಿಟಕಿ ಮುಚ್ಚಿ, ಮೇಲಿನ ಗವಾಕ್ಷಿ ತೆಗೆಯುವರು. ಊಟವಾದ ಮೇಲೆ ಟೀ ತಟ್ಟೆ ಹಿಡಿದು ಬರುವಾಗ ಒಬ್ಬೊಬ್ಬರ ಮುಖ ನೋಡುತ್ತ ಬರುವರು. ನಾನು ಮೊದಮೊದಲು ಇದೇನಪ್ಪ ಈ ಮುದುಕನ ಕಣ್ಣು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅವರು ಎಣಿಸುತ್ತಿದ್ದದ್ದು ಆಕಳಿಕೆಯನ್ನು.

"ಒಬ್ಳು ಆಕಳಿಸಿದ್ರೆ ನಿದ್ದೆ ಕಣಮ್ಮಣ್ಣಿ. ಐದು ಜನ ಆಕಳಿಸಿದ್ರೆ ಗಾಳಿ," ಅಂದರು ಒಂದು ದಿನ.

ಐದನೆಯ ಆಕಳಿಕೆಗೆ ತಟ್ಟೆ ಕೆಳಗಿಟ್ಟು ಹೋಗಿ ಎದುರುಬದುರು ಕಿಟಕಿಗಳನ್ನು ಧಡಾರನೆ ತೆರೆಯುವರು. ಕಾಗದಗಳೆಲ್ಲ ಹಾರುತ್ತಿದ್ದವು. "ಏಯ್ ತಾತಾ!" ಅಂತ ಹುಡುಗಿಯರು ಕಿರುಚುವರು. "ಕಾಗ್ದ ಹಾರೋದ್ರೆ ಆಯ್ಕೊಬೋದು, ತಲೆ ಹಾರೋದ್ರೆ ಎಲ್ಲಿಂದ ಆಯ್ಕೊಂತೀರಮ್ಮಾ?" ಅನ್ನುವರು. ಬೇಸಿಗೆಯಲ್ಲಿ ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟುವರು. ಯಾರೂ ಹೇಳಿದ್ದಲ್ಲ, ಅದಕ್ಕೊಂದು ಕಾಸೂ ಸಿಕ್ಕಿದ್ದಲ್ಲ.

ಈ ಹುಚ್ಚು ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ ಗಣಿಯ ಮಾತು ತೆಗೆದರು. ವಯಸ್ಸಿನಲ್ಲಿ ಅವರು ಗಣಿಯೊಳಗೆ ಗಾಳಿ ಬಾಗಿಲು ಕಾಯುವ ಕೆಲಸದಲ್ಲಿದ್ದರಂತೆ. ಪಾತಾಳದಲ್ಲಿ ದೊಡ್ಡ ಮರದ ಬಾಗಿಲುಗಳಿರುತ್ತವೆ. ಯಾವುದು ಯಾವಾಗ ತೆಗೆದಿರಬೇಕು, ಯಾವುದು ಮುಚ್ಚಿರಬೇಕು ಅನ್ನುವುದರ ಮೇಲೆ ಅತ್ತ ಕಲ್ಲು ಒಡೆಯುವವರ ಉಸಿರು ನಿಂತಿರುತ್ತದೆ. ಬಂಡೆ ಮುಟ್ಟಿದರೆ ಕೈ ಚುರುಕ್ಕನ್ನುತ್ತಿತ್ತಂತೆ. ಅಲ್ಲಿಂದ ಅವರು ಸಂಪಾದಿಸಿ ತಂದದ್ದು ಧೂಳು ಕೂತ ಎದೆ, ಒಂದು ಕೆಮ್ಮು, ಮತ್ತೆ ಈ ಮಾತು:

"ಬಿಸಿ ಗಾಳಿಗೆ ಎದ್ರುಕೋಬಾರ್ದು. ಅದು ಬಯ್ಯುತ್ತೆ, ಬಯ್ದು ಎಬ್ಬಿಸುತ್ತೆ. ಸತ್ತ ಗಾಳಿ ಐತಲ್ಲ, ಅದು ಮುದ್ದು ಮಾಡುತ್ತೆ. ತಲೆ ಸವರಿ ಮಲಗಿಸಿಬುಡುತ್ತೆ. ಅದುಕ್ಕೆ ಎದ್ರುಕೋಬೇಕು."

ಎರಡು ವರ್ಷದ ಹಿಂದೆ ನಮ್ಮನ್ನು ಬಂಗಾರಪೇಟೆಯ ಹೊರಗಿನ ಹೊಸ ಕಟ್ಟಡಕ್ಕೆ ಸಾಗಿಸಿದರು. ಸ್ಮಾರ್ಟ್ ಬಿಲ್ಡಿಂಗು. ಏನು ಸ್ಮಾರ್ಟೋ ಏನು ಕರ್ಮವೋ! ಸುತ್ತ ಗಾಜು, ಒಂದು ಕಿಟಕಿಯೂ ತೆರೆಯೋದಿಲ್ಲ. ಯಾರಾದರೂ ಬಂದರೆ ದೀಪ ತಾನೇ ಹತ್ತುತ್ತದೆ, ಅಲುಗಾಡದೆ ಕೂತು ಕೆಲಸ ಮಾಡಿದರೆ ತಾನೇ ಆರುತ್ತದೆ. ಎ.ಸಿ.ಯನ್ನು ಬೆಂಗಳೂರಿನಲ್ಲಿ ಕೂತ ಯಾರೋ ನಡೆಸುತ್ತಾರೆ. ಗೋಡೆಯ ಟೀವಿಯಲ್ಲಿ ದಿನವಿಡೀ 'ಒಳಾಂಗಣ ವಾತಾವರಣ: ಅತ್ಯುತ್ತಮ' ಅಂತ ಹಸಿರು ಅಕ್ಷರ. ಪಕ್ಕದಲ್ಲೇ ಯಾರ ತಪ್ಪು ಎಷ್ಟು ಅಂತ ಕೆಂಪು ಅಕ್ಷರ.

ಅವರಿಗೊಂದು ನೀಲಿ ಅಂಗಿ ತೊಡಿಸಿದರು. ಟೀಗೆ ಮಿಷಿನ್ನು ಬಂತು, ಹಾಗಾಗಿ ತಟ್ಟೆ ಹೋಯಿತು. ಹಗ್ಗ ಮೊದಲೇ ಇಲ್ಲ. ಪ್ಲಾಸ್ಟಿಕ್ ಗಿಡಗಳ ಎಲೆ ಒರೆಸುವ ಕೆಲಸ ಕೊಟ್ಟರು. ಎಲ್ಲರನ್ನೂ ಸಾರ್, ಮೇಡಂ ಅಂತಲೇ ಕರೆಯಬೇಕು ಅಂತ ರೂಲ್ಸು ಬಂದದ್ದರಿಂದ ನನಗೂ ಅಮ್ಮಣ್ಣಿ ಹೋಗಿ ಮೇಡಂ ಆಯಿತು. ಮೊದಲ ದಿನವೇ ಗಾಜಿಗೆ ಅಂಗೈ ಒತ್ತಿ ನೋಡಿದರು, ಚೌಕಟ್ಟಿನ ಸುತ್ತ ಬೆರಳಾಡಿಸಿದರು. "ಚಿಲ್ಕನೇ ಇಲ್ವಲ್ಲ ಮೇಡಂ," ಅಂದರು. ಮಗುವೊಂದು ಅಜ್ಜಿಯ ಬಾಯಿ ತೆಗೆಸಿ ನೋಡಿ ಹಲ್ಲೇ ಇಲ್ವಲ್ಲ ಅಂದ ಹಾಗೆ. ನಾನು ನಕ್ಕೆ.

ಒಂದು ತಿಂಗಳಿಗೆಲ್ಲ ನಗು ಹೋಯಿತು. ಮಧ್ಯಾಹ್ನ ಮೂರಾದರೆ ಹುಡುಗಿಯರಿಗೆ ತಲೆ ಹಿಡಿದುಕೊಳ್ಳುವುದು, ಕಣ್ಣು ಮಂಜಾಗುವುದು. ಚಳಿಚಳಿ ಅನ್ನಿಸುವ ರೂಮಿನಲ್ಲಿ ತಲೆ ಮಾತ್ರ ಭಾರ. ಕೆಂಪು ಅಕ್ಷರ ಏರತೊಡಗಿತು. ಎಲ್ಲರಿಗಿಂತ ಕಷ್ಟಕ್ಕೆ ಸಿಕ್ಕವಳು ಕ್ಯಾಸಂಬಳ್ಳಿಯ ಮಂಜುಳ. ಬೆಳಗ್ಗೆ ಅವಳಷ್ಟು ಚುರುಕು ಇನ್ನೊಬ್ಬಳಿಲ್ಲ. ಮಧ್ಯಾಹ್ನದ ಮೇಲೆ ಆರು ಒಂಬತ್ತಾಗುತ್ತಿತ್ತು, ಒಂಬತ್ತು ಆರಾಗುತ್ತಿತ್ತು. ಎರಡು ತಿಂಗಳು ತಪ್ಪಿನ ಗೆರೆ ದಾಟಿದ್ದಳು, ಇನ್ನೊಂದು ತಿಂಗಳು ದಾಟಿದರೆ ಹೊರಗೆ.

ಅವರು ನನ್ನ ಮೇಜಿನ ಹತ್ತಿರ ಬಂದು ನಿಂತರು. "ಮೇಡಂ, ತಪ್ಪು ಆ ಮಗೀದಲ್ಲ. ಗಾಳೀದು. ಮ್ಯಾಲಕ್ಕೆ ಬರೀರಿ."

ಬರೆಯೋಣ ಅಂತ ಆ್ಯಪ್ ತೆಗೆದೆ. ದೂರಿನ ಪಟ್ಟಿಯಲ್ಲಿ ಎರಡೇ ಇದ್ದವು: ಶಾಖ ಹೆಚ್ಚು, ಚಳಿ ಹೆಚ್ಚು. ಗಾಳಿ ಸತ್ತಿದೆ ಅನ್ನೋದಕ್ಕೆ ಜಾಗವಿರಲಿಲ್ಲ. ಏನಾದರೊಂದು ಆಗಲಿ ಅಂತ ಶಾಖ ಹೆಚ್ಚು ಅಂತ ಒತ್ತಿದೆ. ಹತ್ತು ನಿಮಿಷಕ್ಕೆ ಎ.ಸಿ. ಇನ್ನಷ್ಟು ಕೊರೆಯಿತು. ಹುಡುಗಿಯರು ವೇಲು ಹೊದ್ದುಕೊಂಡು ನಡುಗುತ್ತ ಆಕಳಿಸಿದರು.

"ಎತ್ಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಆಕಿದ್ರಂತೆ," ಅಂದರು ಅವರು, ನನ್ನ ಮುಖಕ್ಕೇ.

ಬಾಗಿಲ ಪಕ್ಕದ ಗೋಡೆಯಲ್ಲಿ ಅಂಗೈಯಗಲದ ಒಂದು ಬಿಳಿ ಪೆಟ್ಟಿಗೆ ಇತ್ತು. ಅದೇನು ಅಂತ ಅವರು ಕೇಳಿದ್ದು ಅದೇ ವಾರ. ನನಗೂ ಗೊತ್ತಿರಲಿಲ್ಲ, ಜೊತೆಗೆ ಬಂದಿದ್ದ ಪುಸ್ತಕ ತೆಗೆದು ಓದಿ ಹೇಳಿದೆ. ನಾವು ಬಿಟ್ಟ ಉಸಿರು ರೂಮಿನಲ್ಲಿ ಎಷ್ಟು ತುಂಬಿದೆ ಅಂತ ಅದು ಅಳೆಯುತ್ತದೆ, ಜಾಸ್ತಿಯಾದರೆ ಚಾವಣಿಯೊಳಗಿನ ಒಂದು ಬಾಗಿಲನ್ನು ತಾನೇ ತೆಗೆದು ಹೊರಗಿನ ಗಾಳಿಯನ್ನು ಒಳಗೆ ಬಿಡುತ್ತದೆ. ನಾನೇ ಹೇಳಿದ್ದು. ಇದನ್ನು ನೆನಪಿಟ್ಟುಕೊಳ್ಳಿ.

ಅವರು ಹೋಗಿ ಆ ಪೆಟ್ಟಿಗೆಗೆ ಮುಖ ಹತ್ತಿರ ಹಿಡಿದು ನೋಡಿದರು. "ಅಂಗಾದ್ರೆ ಇಲ್ಲೂ ಗಾಳಿ ಬಾಗ್ಲು ಐತೆ ಅನ್ನಿ!" ಅಂದರು. ಆ ಕಟ್ಟಡಕ್ಕೆ ಬಂದ ಮೇಲೆ ಅವರ ಮುಖ ಅರಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಆಮೇಲೆ ಹುಬ್ಬು ಗಂಟಿಕ್ಕಿದರು. "ಆದ್ರೆ ಮೇಡಂ, ಉಸಿರಾಡೋ ಮಕ್ಳು ಆ ಮೂಲೇಲಿ ಅವ್ರೆ. ಕಾವ್ಲುಗಾರ ಇಲ್ಲಿ ಬಾಗ್ಲ ಸಂದೀಲಿ ತಣ್ಣಗೆ ಕೂತವ್ನೆ. ಅವನ್ಗೆ ಎಂಗೆ ಗೊತ್ತಾಗ್ಬೇಕು?"

ನಾನು ಪುಸ್ತಕದ ಹಾಳೆ ಮಗುಚಿದೆ, ಅದರಲ್ಲಿ ಆ ಮಾತಿರಲಿಲ್ಲ. ಕಟ್ಟಡ ಕಟ್ಟಿದವರ ತಲೆಯಲ್ಲೂ ಇದ್ದಿರಲಾರದು.

"ಪರವಾಗಿಲ್ಲ ಬುಡಿ. ನಾನೋಗಿ ಯೋಳ್ತೀನಿ," ಅಂದರು.

ಮಾರನೆಯ ದಿನದಿಂದ ಶುರು. ಮೂರು ಗಂಟೆಗೆ ಐದನೆಯ ಆಕಳಿಕೆ ಬಿದ್ದ ಕೂಡಲೇ ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು ಹೋಗಿ, ಪೆಟ್ಟಿಗೆಗೆ ಬಾಯಿ ಹತ್ತಿರ ಹಿಡಿದು ಮೆಲ್ಲಗೆ ಊದುವರು. ನಡುವೆ ಕೆಮ್ಮು ಬರುವುದು. ಗೋಡೆಗೆ ಕೈ ಊರಿ ಸುಧಾರಿಸಿಕೊಂಡು ಮತ್ತೆ ಊದುವರು. ಹದಿನೈದು, ಇಪ್ಪತ್ತು ಸಲ. ಪೆಟ್ಟಿಗೆಯ ಹಸಿರು ದೀಪ ಹಳದಿಗೆ ತಿರುಗಿ, ಕೆಂಪಾಗುವುದು. ಚಾವಣಿಯೊಳಗೆ ಎಲ್ಲೋ ಗರಗರ ಅಂತ ಏನೋ ತೆರೆದುಕೊಳ್ಳುವುದು. ಸ್ವಲ್ಪ ಹೊತ್ತಿಗೆ ಹೊರಗಿನ ಮಣ್ಣು ವಾಸನೆ, ಪಕ್ಕದ ಹೊಲದ ಸಗಣಿ ವಾಸನೆ ಆ ಗಾಜಿನ ಮನೆಯೊಳಗೆ ಇಳಿಯುವುದು. ಹುಡುಗಿಯರು ಯಾಕೆ ಅಂತ ಗೊತ್ತಿಲ್ಲದೆಯೇ ಬೆನ್ನು ನೆಟ್ಟಗೆ ಮಾಡಿಕೊಳ್ಳುವರು. ನಾಲ್ಕು ಗಂಟೆಗೆ ಇನ್ನೊಂದು ಸಲ.

ನಾನು ಎಲ್ಲ ನೋಡುತ್ತಿದ್ದೆ. ನೋಡಿ, ನೋಡದ ಹಾಗೆ ಇರುತ್ತಿದ್ದೆ. ತಪ್ಪುಗಳು ಇಳಿದವು. ಮಂಜುಳ ಗೆರೆಯ ಕೆಳಗೆ ಬಂದಳು. ನನಗೆ ಅಷ್ಟು ಸಾಕಾಗಿತ್ತು. ಒಂದು ದಿನ ಅವರ ತುಟಿ ನೀಲಿಗಟ್ಟಿದ್ದು ಕಂಡು "ಸಾಕಣ್ಣ, ಕೂತ್ಕೊಳ್ಳಿ" ಅಂದೆ. "ಇನ್ನ ಹಳದೀಲೇ ಐತೆ ಮೇಡಂ" ಅಂದರು. ಕೂರಲಿಲ್ಲ. ಪೆಟ್ಟಿಗೆಯನ್ನು ಮೂಲೆಗೆ ಹಾಕಿಸಿ ಅಂತ ಆಗಲೇ ಒಂದು ಪತ್ರ ಬರೆದಿದ್ದರೆ ಮುಗಿಯುತ್ತಿತ್ತು. ಬರೆಯಲಿಲ್ಲ. ಹೊಸ ಕಟ್ಟಡದಲ್ಲಿ ಹುಳುಕು ಹುಡುಕುವವಳು ಅನ್ನಿಸಿಕೊಳ್ಳೋದು ಬೇಡವಾಗಿತ್ತು ನನಗೆ. ಪುಕ್ಕಟೆ ಊದುವವರು ಒಬ್ಬರು ಇದ್ದರಲ್ಲ.

ಇಷ್ಟರಲ್ಲಿ ಮಂಜುಳಳ ಮನೆಯಲ್ಲಿ ಇನ್ನೊಂದು ಕಥೆ ನಡೆದಿತ್ತು. ಮಗಳ ತಲೆನೋವು ನೋಡಲಾರದೆ ಅವಳಮ್ಮ ಅವಳನ್ನು ಮಂತ್ರ ಹಾಕುವವನೊಬ್ಬನ ಹತ್ತಿರ ಕರೆದುಕೊಂಡು ಹೋಗಿದ್ದಳು. ಅವನು ನಿಂಬೆಹಣ್ಣು ಇಳಿಸಿ, "ಗಾಳಿ ಸೋಕೈತೆ. ನೀನು ಕೂರೋ ಜಾಗದಾಗೆ ಯಾರೋ ಊದವ್ರೆ" ಅಂದು ತಾಯತ ಕಟ್ಟಿದ್ದ. ನಮ್ಮ ಕಡೆ ಈ ಗಾಳಿ ಅನ್ನೋ ಒಂದು ಮಾತಿನಲ್ಲಿ ಎಲ್ಲ ಬರುತ್ತದೆ, ಬೀಸುವ ಗಾಳಿಯೂ, ಮೆಟ್ಟಿಕೊಳ್ಳುವ ಗಾಳಿಯೂ. ತಾಯತ ಕಟ್ಟಿದ ವಾರವೇ ತಾತ ಊದಲು ಶುರು ಮಾಡಿದ್ದರಿಂದ ತಲೆನೋವು ಇಳಿದ ಹೆಸರು ತಾಯತಕ್ಕೆ ಹೋಯಿತು.

ನಾಲ್ಕು ತಿಂಗಳು ಹೀಗೇ ನಡೆಯಿತು. ಒಂದು ಮಧ್ಯಾಹ್ನ ನೀರು ಕುಡಿಯಲು ಎದ್ದ ಮಂಜುಳ ಬಾಗಿಲ ಸಂದಿಯಲ್ಲಿ ತಾತ ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ, ಉಸ್ ಉಸ್ ಅಂತ ಊದುತ್ತಿರುವುದನ್ನು ನೋಡಿದಳು. ಲೋಟ ಬಿಸಾಕಿ ಕಿಟಾರನೆ ಕಿರುಚಿಕೊಂಡಳು. "ಅಮ್ಮೋ! ತಾತ ಮಂತ್ರ ಊದ್ತಾವ್ನೆ! ನಮ್ಮೇಲೆ ಮಾಟ ಮಾಡ್ತಾವ್ನೆ!"

ಅವರು ಬೆಚ್ಚಿ ತಿರುಗಿದರು. ಕೆಮ್ಮು ಒತ್ತರಿಸಿಕೊಂಡು ಬಂದು ಮಾತೇ ಹೊರಡಲಿಲ್ಲ. ಯಾವ ಹುಡುಗಿಗಾಗಿ ಊದುತ್ತಿದ್ದರೋ ಅವಳೇ ಅವರನ್ನು ನೋಡಿ ತಾಯತ ಹಿಡಿದುಕೊಂಡು ಹಿಂದೆ ಹಿಂದೆ ಸರಿದಳು. ಅವಳನ್ನು ನಾನು ಬಯ್ಯೋದಿಲ್ಲ. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಹೇಳಬೇಕಾದವಳು ಮೇಜಿನ ಹಿಂದೆ ಕೂತಿದ್ದೆ.

ಸಂಜೆಯೊಳಗೆ ಆ್ಯಪಿನಲ್ಲಿ ಹನ್ನೊಂದು ಹುಡುಗಿಯರ ದೂರು. ಬೆಂಗಳೂರಿನಿಂದ ಇಬ್ಬರು ಬಂದರು. ಮಾಟ ಮಂತ್ರ ಅವರಿಗೆ ಬೇಕಿರಲಿಲ್ಲ. ಕ್ಯಾಮೆರಾವನ್ನೂ ಕರೆಂಟಿನ ಲೆಕ್ಕವನ್ನೂ ತಾಳೆ ಹಾಕಿದಾಗ ಬೇರೆಯದು ಕಂಡಿತ್ತು. ಈ ಮನುಷ್ಯ ಊದಿದಾಗಲೆಲ್ಲ ಹೊರಗಿನ ಬಿಸಿ ಗಾಳಿ ಒಳಗೆ ಬಂದು ಎ.ಸಿ.ಗೆ ಕರೆಂಟು ಜಾಸ್ತಿ ಎಳೆದಿದೆ. ಉಪಕರಣದ ದುರ್ಬಳಕೆ. ಮೀಟಿಂಗ್ ರೂಮಿನಲ್ಲಿ ಅಣ್ಣನನ್ನು ನಿಲ್ಲಿಸಿ ಕೇಳಿದರು. ನಾನು ಎದುರಿಗೇ ಕೂತಿದ್ದೆ.

"ಯಾಕೆ ಊದಿದ್ರಿ?"

"ಮಕ್ಳಿಗೆ ಗಾಳಿ ಸಾಲ್ತಿರಲಿಲ್ಲ ಸಾಮಿ."

"ನಮ್ಮ ಸಿಸ್ಟಮ್‌ನಲ್ಲಿ ಎಲ್ಲ ಅತ್ಯುತ್ತಮ ಅಂತಿದೆಯಲ್ಲ?"

"ಅದು ಬಾಗ್ಲತ್ರ ಕೂತೈತೆ ಸಾಮಿ. ಬಾಗ್ಲತ್ರ ಚೆನ್ನಾಗೇ ಐತೆ."

ಅವರಲ್ಲಿ ಚಿಕ್ಕವನು ನಕ್ಕ. ದೊಡ್ಡವನು ನಗಲಿಲ್ಲ. "ಈ ಡಬ್ಬ ಉಸಿರು ಅಳೆಯುತ್ತೆ ಅಂತ ನಿಮಗೆ ಹೇಳ್ಕೊಟ್ಟೋರು ಯಾರು? ನೀವು ಓದಿದೋರಲ್ಲ. ಯಾರೋ ಒಳಗಿನೋರು ಹೇಳಿರಬೇಕು. ಹೆಸರು ಹೇಳಿ, ನಿಮ್ಮನ್ನ ಬಿಟ್ಬಿಡ್ತೀವಿ."

ನನಗೆ ಇನ್ನೂ ಆರು ವರ್ಷ ಸರ್ವೀಸು ಉಳಿದಿತ್ತು. ಪೆನ್ನಿನ ಕ್ಯಾಪು ತೆಗೆದೆ, ಹಾಕಿದೆ. ಅವರು ಒಂದು ಸಲವಾದರೂ ನನ್ನ ಕಡೆ ನೋಡುತ್ತಾರೆ ಅಂದುಕೊಂಡೆ. ನೋಡಿದ್ದರೆ ಬಾಯಿ ಬಿಡುತ್ತಿದ್ದೆನೋ ಏನೋ. ನೋಡಲಿಲ್ಲ.

"ಯಾರೂ ಯೋಳ್ಕೊಟ್ಟಿಲ್ಲ ಸಾಮಿ. ಗಣೀಲಿ ಕಲ್ತಿದ್ದು."

ಆವತ್ತೇ ನೀಲಿ ಅಂಗಿ ಬಿಚ್ಚಿಸಿಕೊಂಡರು. ಕಾಗದಕ್ಕೆ ಸಾಕ್ಷಿ ಸಹಿ ಬೇಕಿತ್ತು. ಹಾಕಿದೆ. ಗೇಟಿನವರೆಗೆ ಹೋಗಿ ಬಿಟ್ಟು ಬರೋಣ ಅನ್ನಿಸಿತು, ಕ್ಯಾಮೆರಾ ಇದೆ ಅಂತ ಹೋಗಲಿಲ್ಲ. ಥೂ ನನ್ನ ಜನ್ಮಕ್ಕಿಷ್ಟು.

ಮುಂದಿನದು ಎರಡು ಮಾತಿನಲ್ಲಿ ಹೇಳುತ್ತೇನೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಆ ಬಿಳಿ ಪೆಟ್ಟಿಗೆಯ ಮೇಲೊಂದು ಸಣ್ಣ ಸೀಳುಗಳ ಪ್ಲಾಸ್ಟಿಕ್ ಗೂಡನ್ನು, ಯಾರು ಊದಿದರೂ ಉಸಿರು ತಾಗದ ಹಾಗೆ, ಕೂರಿಸಿ ಬೀಗ ಹಾಕಿದರು. ಪೆಟ್ಟಿಗೆಯನ್ನು ಮೂಲೆಗೆ ಮಾತ್ರ ಸರಿಸಲಿಲ್ಲ. ಮುಂದಿನ ಮೂರು ತಿಂಗಳೂ ಮಂಜುಳ ಗೆರೆ ದಾಟಿದಳು. ಅವಳ ಕಾಗದಕ್ಕೂ ಸಹಿ ನನ್ನದೇ. ವರ್ಷದ ಕೊನೆಗೆ ಬೆಂಗಳೂರಿನವರು ಲೆಕ್ಕ ತೆಗೆದು ನೋಡಿದಾಗ ನಡುವಿನ ನಾಲ್ಕು ತಿಂಗಳು ನಮ್ಮ ಶಾಖೆಯಲ್ಲಿ ತಪ್ಪು ಎಲ್ಲಕ್ಕಿಂತ ಕಡಿಮೆ ಇತ್ತಂತೆ. ಇದು ಸ್ಮಾರ್ಟ್ ಕಟ್ಟಡದ ಮಹಿಮೆ ಅಂತ ಒಂದು ಫಲಕ ಮಾಡಿಸಿ ಕಳಿಸಿದರು. ಅದನ್ನು ಕೈಯಲ್ಲಿ ಹಿಡಿದು ಫೋಟೊ ತೆಗೆಸಿಕೊಂಡವಳು ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅದನ್ನು ಬಾಗಿಲ ಪಕ್ಕ, ಅವರು ಕೈ ಊರಿ ಸುಧಾರಿಸಿಕೊಳ್ಳುತ್ತಿದ್ದ ಜಾಗದಲ್ಲೇ ತೂಗು ಹಾಕಿದ್ದಾರೆ.

ಮೂರು ತಿಂಗಳ ಹಿಂದೆ ಅವರಿಗೆ ಬಹಳ ಹುಷಾರಿಲ್ಲ ಅಂತ ಕೇಳಿ ಉರಿಗಾಂಗೆ ಹೋಗಿದ್ದೆ. ಹೊಸ್ತಿಲ ಮೇಲೆ ಕೂತಿದ್ದರು. ಎದುರು ಬಾಗಿಲೂ ಹಿತ್ತಿಲ ಬಾಗಿಲೂ ತೆರೆದಿತ್ತು, ಗಾಳಿ ಸುಯ್ ಅಂತ ಹಾಯುತ್ತಿತ್ತು. ಅಷ್ಟು ಗಾಳಿಯ ನಡುವೆ ಕೂತು ಅವರು ಒಂದೊಂದು ಉಸಿರನ್ನೂ ಬಾವಿಯಿಂದ ಸೇದುವ ಹಾಗೆ ಎಳೆದುಕೊಳ್ಳುತ್ತಿದ್ದರು. ಕ್ಷಮಿಸಿ ಅಂತ ಹೇಳಲೆಂದೇ ಹೋಗಿದ್ದೆ. "ಬನ್ರಿ ಅಮ್ಮಣ್ಣಿ" ಅಂದರು. ಮೇಡಂ ಹೋಗಿ ಮತ್ತೆ ಅಮ್ಮಣ್ಣಿ ಆಗಿದ್ದೆ. ಕ್ಷಮೆಯ ಮಾತು ಬಿಟ್ಟು ಊಟ ಆಯಿತಾ ಅಂತ ಕೇಳಿದೆ.

ಅವರ ಹೆಂಡತಿ ಟೀ ತರಲು ಒಳಗೆ ಹೋದಾಗ ನನ್ನ ಕಡೆ ಬಾಗಿ, ಗುಟ್ಟು ಕೇಳುವವರ ಹಾಗೆ ಕೇಳಿದರು.

"ಮೂರು ಗಂಟೆಗೆ ಈಗ ಯಾರೋಗ್ತಾರೆ ಪೆಟ್ಗೆ ತಾವ?"

ಮಂಜುಳ ಏನಾದಳು ಅಂತ ಕೇಳಲಿಲ್ಲ, ತನ್ನ ಕೆಲಸದ ಮಾತೆತ್ತಲಿಲ್ಲ. ಇದೊಂದು ಕೇಳಿದರು.

"ನಾನೇ ಹೋಗ್ತೀನಣ್ಣ," ಅಂದೆ.

ಅವರ ಮುಖ ನೋಡಬೇಕಿತ್ತು. ಗಾಳಿ ಬಾಗಿಲ ಡ್ಯೂಟಿಯನ್ನು ಮುಂದಿನ ಪಾಳಿಯವರಿಗೆ ಒಪ್ಪಿಸಿ ಮೇಲೆ ಬಂದವರ ಮುಖ. ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

"ಅಂಗಾದ್ರೆ ಸರಿ ಬುಡಿ. ನಂಗೆ ಇಪ್ಪತ್ಸಲ ಊದ್ಬೇಕಿತ್ತು," ಅಂದು ಉಸಿರು ಎಳೆದುಕೊಂಡರು. "ನಿಮ್ಮೆದೆ ಗಟ್ಟಿ. ನಿಮ್ಗೆ ನಾಕೇ ನಾಕು ಸಾಕು."

ಸಾವಿನ ಮನೆಯಿಂದ ನಾನು ಆಫೀಸಿಗೆ ವಾಪಸ್ ಬಂದಾಗ ಮೂರು ಗಂಟೆಯಾಗಿತ್ತು. ಟೀವಿಯಲ್ಲಿ ಹಸಿರು ಅಕ್ಷರ ಇತ್ತು. ಕೂತು ಎಣಿಸಿದೆ. ಐದು ಜನ ಆಕಳಿಸಿದರು. ಪೆಟ್ಟಿಗೆಯ ಗೂಡಿನ ಬೀಗದ ಕೈ ಇನ್‌ಚಾರ್ಜ್ ಆದ ನನ್ನ ಹತ್ತಿರವೇ ಇರುತ್ತದೆ. ಡ್ರಾಯರ್ ತೆಗೆದೆ. ಬೀಗದ ಕೈಯ ಪಕ್ಕದಲ್ಲಿದ್ದ ತಲೆನೋವಿನ ಮಾತ್ರೆ ತೆಗೆದುಕೊಂಡು ಡ್ರಾಯರ್ ಮುಚ್ಚಿದೆ.